ಹೊಸ ದೇಶಕ್ಕೆ ಬಂದ ನಿರಾಶ್ರಿತರ ಆರೈಕೆ ಯಾರ ಕೈಯಲ್ಲಿರಬೇಕು?

ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಈಗಷ್ಟೇ ಬಂದಿಳಿದ ನಿರಾಶ್ರಿತ ಕುಟುಂಬವನ್ನು ಗುರುತು ಹಿಡಿಯುವುದು ಕಷ್ಟವಾಗಿರಲಿಲ್ಲ. ಅವರ ಕೈಯಲ್ಲಿ ಐಓಎಂ ಎಂದು ನೀಲಿ ಅಕ್ಷರದಲ್ಲಿ ಅಚ್ಚಾದ ಬಿಳಿ ಪ್ಲಾಸ್ಟಿಕ್ ಚೀಲ ಇರುತ್ತಿತ್ತು. ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಕೊಡುತ್ತಿದ್ದ ಚೀಲ ಅದು. ಪ್ರಯಾಣದ ಕಾಗದಪತ್ರ, ಎದೆಯ ಎಕ್ಸ್‌ರೇ, ಹಾಕಿಸಿದ ಲಸಿಕೆಗಳ ವಿವರ, ಹೊರಡುವ ಮುಂಚೆ ಕೊಟ್ಟ ಜಂತುಹುಳು ಮಾತ್ರೆಯ ಲೆಕ್ಕ ಎಲ್ಲವೂ ಅದರಲ್ಲಿರುತ್ತಿದ್ದವು. ಯಾವ ಕಾರಣಕ್ಕೂ ಕೈಯಿಂದ ಬಿಡಬೇಡಿ ಅಂತ ಹತ್ತು ಸಲ ಹೇಳಿ ಕಳಿಸಿರುತ್ತಿದ್ದರು.

ಇಂಥ ಕುಟುಂಬಗಳು ಬರುವ ಒಂದು ಕ್ಲಿನಿಕ್‌ನಲ್ಲಿ ನಾನು ಕೆಲವು ವರ್ಷ ಸ್ವಯಂಸೇವಕಿಯಾಗಿದ್ದೆ. ಹೆಸರು ಬರೆದುಕೊಳ್ಳುವುದು, ಚೀಲದ ಕಾಗದಗಳನ್ನು ಜೋಡಿಸಿ ಫೈಲ್ ಮಾಡುವುದು ನನ್ನ ಕೆಲಸ. ಆ ಕಾಗದಗಳನ್ನು ನೋಡುತ್ತಾ ಹೋದಂತೆ ಒಂದು ವಿಷಯ ಮನಸ್ಸಿಗೆ ಬಂತು. ಅದರಲ್ಲಿ ಬಹುಪಾಲು ಕೇಳಿರುವುದು, ಇವರಿಂದ ನಮಗೇನಾದರೂ ಅಂಟುತ್ತದಾ ಅಂತ. ಟಿಬಿ ಇದೆಯಾ, ಇನ್ಯಾವುದಾದರೂ ಸಾಂಕ್ರಾಮಿಕ ಇದೆಯಾ. ಕೇಳಬೇಕಾದದ್ದೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಮನುಷ್ಯನಿಗೆ ರಾತ್ರಿ ನಿದ್ದೆ ಬರುತ್ತದಾ, ಈ ತಾಯಿ ಯಾರ ಹತ್ತಿರ ಮಾತಾಡುತ್ತಾಳೆ, ಈ ಅಜ್ಜನಿಗೆ ಮಾತ್ರೆ ಯಾರು ಕೊಡುತ್ತಾರೆ ಅನ್ನುವುದು ಯಾವ ಹಾಳೆಯಲ್ಲೂ ಇರುತ್ತಿರಲಿಲ್ಲ.

ಬಂದ ಮೇಲೆ ಇನ್ನೊಂದು ಸುತ್ತಿನ ಪರೀಕ್ಷೆ ಇದೆ. 30ರಿಂದ 90 ದಿನದೊಳಗೆ ಮಾಡಿ ಎನ್ನುವುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿಯ ಸಲಹೆ. ರಕ್ತ, ಹೆಪಟೈಟಿಸ್ ಬಿ, ಟಿಬಿ, ಹೊಟ್ಟೆಯ ಹುಳು, ಮಕ್ಕಳಿಗೆ ಸೀಸದ ಪರೀಕ್ಷೆ. ಇದು ನಿಜಕ್ಕೂ ಜೀವ ಉಳಿಸುವ ಕೆಲಸ. ಸ್ಟ್ರಾಂಜಿಲಾಯ್ಡಿಸ್ ಅನ್ನುವ ಒಂದು ಹುಳು ಇದೆ. ಯಾವ ಲಕ್ಷಣವನ್ನೂ ತೋರಿಸದೆ ಹತ್ತಾರು ವರ್ಷ ಮೈಯಲ್ಲಿ ಇದ್ದುಬಿಡುತ್ತದೆ. ಮುಂದೆ ಯಾವಾಗಲೋ ಬೇರೆ ಕಾಯಿಲೆಗೆ ಡಾಕ್ಟರು ಸ್ಟೀರಾಯ್ಡ್ ಕೊಟ್ಟರೆ ಒಮ್ಮೆಲೇ ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ತರಬಹುದು. ಮೊದಲೇ ಗೊತ್ತಾದರೆ ಮಾತ್ರೆಯಲ್ಲಿ ಹೋಗುತ್ತದೆ.

ಆದರೆ ಅದೇ 90 ದಿನದಲ್ಲಿ ಆ ಕುಟುಂಬ ಇನ್ನೆಷ್ಟು ಕೆಲಸ ಮಾಡಬೇಕು ನೋಡಿ. ಮನೆ ಸರಿಮಾಡಿಕೊಳ್ಳಬೇಕು, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಮಾಡಿಸಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು, ಕೆಲಸ ಹುಡುಕಬೇಕು. ಬಂದ ವಿಮಾನದ ಟಿಕೆಟ್ ಹಣ ಕೂಡ ಸಾಲವೇ. ಬಡ್ಡಿ ಇಲ್ಲ ನಿಜ, ಆದರೆ ಕೆಲವು ತಿಂಗಳಲ್ಲಿ ಕಂತು ಶುರುವಾಗುತ್ತದೆ. ಹೀಗೆ ತಲೆ ಮೇಲೆ ಸಾಲ ಇಟ್ಟುಕೊಂಡೇ ಕ್ಲಿನಿಕ್ ಬಾಗಿಲಿಗೆ ಬರುವ ಮನುಷ್ಯನಿಗೆ ಮುಂದಿನ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ ಅಂದರೆ ಅವನು ಏನು ಮಾಡಬೇಕು? ಹೊಸ ಕೆಲಸದಲ್ಲಿ ರಜೆ ಕೇಳಿದರೆ ಕೆಲಸವೇ ಹೋಗಬಹುದು. ಅಪಾಯಿಂಟ್‌ಮೆಂಟ್ ತಪ್ಪುತ್ತದೆ, ಫೈಲಿನಲ್ಲಿ 'ಬರಲಿಲ್ಲ' ಅಂತ ಬೀಳುತ್ತದೆ. ಎರಡು ಮೂರು ಸಲ ಹಾಗಾದರೆ ಇವರಿಗೆ ಆರೋಗ್ಯದ ಬಗ್ಗೆ ಕಾಳಜಿ ಇಲ್ಲ ಅನ್ನುವ ಮಾತು ಶುರುವಾಗುತ್ತದೆ. ಸಂಜೆ ಏಳರವರೆಗೆ ಕ್ಲಿನಿಕ್ ತೆರೆದಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ನಾನು ಹೆಚ್ಚು ಹತ್ತಿರದಿಂದ ಕಂಡದ್ದು ಭೂತಾನದಿಂದ ಬಂದವರನ್ನು. ಭೂತಾನದ ದಕ್ಷಿಣ ಭಾಗದ, ನೇಪಾಳಿ ಮಾತಾಡುವ ಜನ ಇವರು. 1990ರ ಆಸುಪಾಸಿನಲ್ಲಿ ಪೌರತ್ವ ಕಳೆದುಕೊಂಡು ದೇಶ ಬಿಡಬೇಕಾಯಿತು. ಪೂರ್ವ ನೇಪಾಳದ ಝಾಪಾ ಮತ್ತು ಮೊರಾಂಗ್ ಜಿಲ್ಲೆಗಳ ಶಿಬಿರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ, ಹದಿನೈದು ಇಪ್ಪತ್ತು ವರ್ಷ ಕಳೆದರು. 2007ರ ಕೊನೆಗೆ ಪುನರ್ವಸತಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಎಂಟು ದೇಶಗಳಿಗೆ ಹೋದರು. ಅವರಲ್ಲಿ ಹೆಚ್ಚಿನವರನ್ನು ತೆಗೆದುಕೊಂಡಿದ್ದು ಅಮೆರಿಕ.

ಒಬ್ಬ ಹಿರಿಯ ಹೆಂಗಸು. ಬಿಪಿ ಜಾಸ್ತಿ ಇತ್ತು. ಡಾಕ್ಟರು ಫೋನ್‌ನಲ್ಲಿ ದುಭಾಷಿಯನ್ನು ಹಿಡಿದು ಮಾತ್ರೆ ತಗೋತಿದ್ದೀರಾ ಅಂತ ಕೇಳಿದರು. ಆಕೆ ಹೂಂ ಅಂದರು. ಬಿಪಿ ಮಾತ್ರ ಇಳಿಯಲಿಲ್ಲ, ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಅವತ್ತು ಹೊರಗಿನ ಬೆಂಚಿನ ಮೇಲೆ ಅದೇ ಸಮುದಾಯದಿಂದ ಬಂದ ಆರೋಗ್ಯ ಕಾರ್ಯಕರ್ತೆ ಆಕೆಯ ಪಕ್ಕ ಕೂತಳು. "ಆಮಾ, ಯಾವ ಶಿಬಿರ?" ಅಂತ ಮಾತು ತೆಗೆದಳು. ಬೆಲ್ಡಾಂಗಿ. ಯಾವ ಸೆಕ್ಟರ್, ಯಾರ ಮನೆ ಪಕ್ಕ, ಮಗಳು ಈಗ ಎಲ್ಲಿದ್ದಾಳೆ. ಹಾಗೇ ಮಾತು ಮನೆಯೊಳಗಿನ ಮಾತ್ರೆ ಡಬ್ಬಿಗೆ ಬಂತು. ಡಬ್ಬಿ ಖಾಲಿಯಾಗಿ ಬಹಳ ದಿನವಾಗಿತ್ತು. ಶಿಬಿರದಲ್ಲಿ ಕೊಟ್ಟ ಮಾತ್ರೆ ಮುಗಿದರೆ ಕಾಯಿಲೆಯ ಲೆಕ್ಕವೂ ಮುಗಿಯಿತು ಅಂತಲೇ ಆಕೆಗೆ ಗೊತ್ತಿದ್ದದ್ದು. ಡಬ್ಬಿಯ ಮೇಲಿನ ಚೀಟಿಯಲ್ಲಿ ಇನ್ನೂ ಎರಡು ಸಲ ತುಂಬಿಸಿಕೊಳ್ಳಬಹುದು ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾದರೆ ಡಾಕ್ಟರ ಹತ್ತಿರ ಹೂಂ ಅಂದದ್ದು ಯಾಕೆ? ತಗೊಂಡಿದ್ದೆ ತಾನೇ, ಕೊಟ್ಟಷ್ಟೂ ಮುಗಿಸಿದ್ದೆ ತಾನೇ, ಅಂದರು. ಆಕೆ ಹೇಳಿದ್ದು ಸುಳ್ಳಲ್ಲ.

ಫೋನಿನ ಆಚೆ ಇದ್ದ ದುಭಾಷಿಯದ್ದೂ ತಪ್ಪಿಲ್ಲ. ಕೇಳಿದ್ದನ್ನು ಸರಿಯಾಗಿ ಕೇಳಿದರು, ಹೇಳಿದ್ದನ್ನು ಸರಿಯಾಗಿ ಹೇಳಿದರು. ಕಡಿಮೆ ಬಿದ್ದದ್ದು ಆ ಬೆಂಚಿನ ಮೇಲಿನ ಹರಟೆ. ಆ ಹರಟೆಗೆ ಹಣ ಕೇಳಲು ಆಗ ಆಸ್ಪತ್ರೆಯ ಬಿಲ್ಲಿನಲ್ಲಿ ಯಾವ ಕೋಡೂ ಇರಲಿಲ್ಲ. ಅದಕ್ಕೇ ಅದನ್ನು ಕೆಲಸ ಅಂತ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನನ್ನ ಪ್ರಕಾರ ಸಮುದಾಯ ಆಧಾರಿತ ಆರೋಗ್ಯ ಸೇವೆಯ ಮುಖ್ಯ ಪ್ರಶ್ನೆ ಇದೇ. ಆ ಆರೋಗ್ಯ ಕಾರ್ಯಕರ್ತೆಗೆ ಸಂಬಳ ಕೊಡುತ್ತೀರಾ? ಆಕೆ ಕಂಡದ್ದನ್ನು ಡಾಕ್ಟರು ಕೂತು ಕೇಳುತ್ತಾರಾ? ಕ್ಲಿನಿಕ್ ಹೇಗೆ ನಡೆಯಬೇಕು ಅನ್ನುವ ಮಾತಿನಲ್ಲಿ ಆಕೆಗೆ ಪಾಲು ಇದೆಯಾ? ಉಳಿದದ್ದು ಆಮೇಲೆ.

ಇದನ್ನು ಮೊದಲೇ ಕಂಡುಕೊಂಡವರು ಇದ್ದಾರೆ. ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆ 1990ರ ದಶಕದಲ್ಲೇ ಕಾಂಬೋಡಿಯಾ, ಸೊಮಾಲಿಯಾ, ಇಥಿಯೋಪಿಯಾ, ಎರಿಟ್ರಿಯಾದಿಂದ ಬಂದ ಸಮುದಾಯಗಳವರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಅವರು ಬರೀ ಮಾತು ದಾಟಿಸುವವರಲ್ಲ. ಮನೆಗೆ ಹೋಗಿ ನೋಡುತ್ತಾರೆ, ಔಷಧಿ ಹೇಗೆ ತಗೋಬೇಕು ಅಂತ ಕೂತು ಹೇಳಿಕೊಡುತ್ತಾರೆ. ರೋಗಿಯ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಡಾಕ್ಟರಿಗೂ ತಿಳಿಸುತ್ತಾರೆ. ಅವರಿಂದ ಕಲಿತದ್ದನ್ನು ಬೇರೆ ಊರಿನ ಡಾಕ್ಟರುಗಳೂ ಓದಲಿ ಅಂತ ಎಥ್ನೋಮೆಡ್ ಎನ್ನುವ ಜಾಲತಾಣ ಮಾಡಿದರು. ಅದು ಇವತ್ತಿಗೂ ಇದೆ.

ದುಭಾಷಿ ವಿಷಯಕ್ಕೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ಎಡವುವುದು ಹೆಚ್ಚಾಗಿ ಇಲ್ಲೇ. ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಒದಗಿಸಬೇಕು. ಅಮೆರಿಕದಲ್ಲಿ ಈ ಹೊಣೆಯ ಬೇರು 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿದೆ. ಆದರೂ ಶಾಲೆಗೆ ಹೋಗುವ ಮಗುವನ್ನು ಮುಂದೆ ನಿಲ್ಲಿಸಿ ಅಮ್ಮನ ಮುಟ್ಟಿನ ತೊಂದರೆ ಕೇಳಿಸುವುದು ನಡೆದೇ ಇತ್ತು. ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ಹೀಗೆ ಬಳಸಬಾರದು ಎಂದು 2016ರ ನಿಯಮದಲ್ಲಿ ಬಿಡಿಸಿ ಹೇಳಬೇಕಾಯಿತು. ಮಗುವಿನ ಮುಂದೆ ತಾಯಿ ಏನು ಹೇಳಿಯಾಳು? ತಂದೆಗೆ ಕ್ಯಾನ್ಸರ್ ಅನ್ನುವ ಸುದ್ದಿಯನ್ನು ಆ ಮಗು ಮೊದಲು ತಾನು ಕೇಳಿಸಿಕೊಂಡು, ಆಮೇಲೆ ತನ್ನ ಬಾಯಿಂದಲೇ ಹೇಳಬೇಕು. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ದೇಶ ಗೊತ್ತಾದರೆ ಭಾಷೆಯೂ ಗೊತ್ತಾದಂತೆ ಅಂತ ನಂಬುವುದು ಇನ್ನೊಂದು ತಪ್ಪು. ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಕುಟುಂಬಕ್ಕೆ ಬರ್ಮೀಸ್ ದುಭಾಷಿಯನ್ನು ಕರೆದರೆ ಭಾಷೆ ಅರ್ಥವಾಗದಿರಬಹುದು. ಅರ್ಥವಾದರೂ, ತಮ್ಮ ಹಳ್ಳಿಗೆ ಬೆಂಕಿ ಇಟ್ಟ ಸೈನಿಕರು ಆಡಿದ ಭಾಷೆ ಅದು. ಅದೇ ಮ್ಯಾನ್ಮಾರ್‌ನ ಕರೆನ್ ಜನರಲ್ಲಿ ಸ್ಗಾ ಮಾತಾಡುವವರೂ ಇದ್ದಾರೆ, ಪ್ವೋ ಮಾತಾಡುವವರೂ ಇದ್ದಾರೆ. ಕಾಂಗೋದಿಂದ ಬಂದವರ ಮನೆಮಾತು ಸ್ವಾಹಿಲಿ ಇರಬಹುದು, ಕಿನ್ಯಾರ್ವಾಂಡಾ ಇರಬಹುದು, ಲಿಂಗಾಲಾ ಇರಬಹುದು. ಇದೆಲ್ಲ ಸರಿಹೋದ ಮೇಲೂ ಒಂದು ತೊಡಕು ಉಳಿಯುತ್ತದೆ. ಊರಲ್ಲಿ ಆ ಭಾಷೆಯವರು ಐವತ್ತೇ ಮನೆ ಇದ್ದರೆ ದುಭಾಷಿ ಪಕ್ಕದ ಮನೆಯವರೇ ಆಗಿರುತ್ತಾರೆ. ಗಂಡನ ಹೊಡೆತ, ಗರ್ಭಪಾತ, ಎಚ್‌ಐವಿ ಇಂಥ ಮಾತು ಅವರೆದುರು ಬಾಯಿಗೇ ಬರುವುದಿಲ್ಲ. ಅಂಥ ಹೊತ್ತಿಗೆ ದೂರದ ಊರಿನ, ಮುಖ ಕಾಣದ ಫೋನ್ ದುಭಾಷಿಯೇ ವಾಸಿ. ಅದನ್ನು ಆರಿಸಿಕೊಳ್ಳುವ ಅವಕಾಶ ರೋಗಿಗೆ ಇರಬೇಕು. ಸಮುದಾಯ ಅಂದಕೂಡಲೇ ಎಲ್ಲರೂ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ ಅನ್ನುವಂತಿಲ್ಲ, ಅಲ್ವಾ?

ಭೂತಾನದವರ ಕಥೆಗೆ ಮತ್ತೆ ಬರುತ್ತೇನೆ. ಬಂದ ಕೆಲವೇ ವರ್ಷದಲ್ಲಿ ಇವರಲ್ಲಿ ಎರಡು ವಿಷಯ ಎದ್ದು ಕಂಡವು. ಮೊದಲನೆಯದು ವಿಟಮಿನ್ ಬಿ12 ಕೊರತೆ. ಹೊರಡುವ ಮುಂಚೆ ತೆಗೆದ 99 ರಕ್ತದ ಮಾದರಿಗಳಲ್ಲಿ 63ರಲ್ಲಿ ಅದು ಕಡಿಮೆ ಇತ್ತು ಎಂದು 2011ರಲ್ಲಿ ಸಿಡಿಸಿ ವರದಿ ಮಾಡಿತು. ವರ್ಷಗಟ್ಟಲೆ ಶಿಬಿರದ ರೇಷನ್, ಅದರಲ್ಲಿ ಹಾಲು, ಮೊಟ್ಟೆ, ಮಾಂಸ ಇಲ್ಲವೆನ್ನುವಷ್ಟು ಕಮ್ಮಿ. ಕೈಕಾಲು ಜೋಮು, ಸುಸ್ತು, ಮಂಕು ಅಂದವರಿಗೆಲ್ಲ ಬೇಸರದ ಕಾಯಿಲೆ ಎಂದು ಬರೆದುಬಿಟ್ಟಿದ್ದರೆ ಇದು ತಪ್ಪಿಹೋಗುತ್ತಿತ್ತು.

ಎರಡನೆಯದು ಆತ್ಮಹತ್ಯೆ. ಸಿಡಿಸಿ ತನಿಖೆ ಮಾಡಿದ ಅವಧಿಯಲ್ಲಿ ಅಮೆರಿಕಕ್ಕೆ ಬಂದ ಭೂತಾನಿ ನಿರಾಶ್ರಿತರಲ್ಲಿ ಲಕ್ಷಕ್ಕೆ 20.3 ಜನ ವರ್ಷಕ್ಕೆ ಜೀವ ಕಳೆದುಕೊಂಡಿದ್ದರು. ಅಮೆರಿಕದ ಸಾಮಾನ್ಯ ಪ್ರಮಾಣ ಆಗ 12.4. ಕಾರಣ ಹುಡುಕಿದರೆ ಕೆಲಸವಿಲ್ಲದ್ದು, ಭಾಷೆ ಬಾರದ್ದು, ಮನೆಯವರು ಬೇರೆ ಬೇರೆ ಕಡೆ ಚದುರಿದ್ದು, ಸಂಸಾರದ ಜಗಳ ಬಗೆಹರಿಸುವವರು ಇಲ್ಲದ್ದು, ಇಂಥವೇ ಮುಂದೆ ಬಂದವು. ಶಿಬಿರದಲ್ಲಿ ದಾರಿದ್ರ್ಯವಿತ್ತು. ಆದರೆ ಬಾಗಿಲು ತೆಗೆದರೆ ನಾಲ್ಕು ಜನ ಇದ್ದರು. ಇಲ್ಲಿ ಹೀಟರ್ ಇರುವ ಅಪಾರ್ಟ್‌ಮೆಂಟ್. ಮಗ ಸೊಸೆ ಶಿಫ್ಟ್‌ಗೆ ಹೋಗುತ್ತಾರೆ, ಮೊಮ್ಮಕ್ಕಳು ಶಾಲೆಗೆ. ಐವತ್ತು ವರ್ಷ ಹೊಲ ಗೇದ ಮನುಷ್ಯ ಹಗಲೆಲ್ಲ ಕಿಟಕಿ ಮುಂದೆ ಕೂತಿರುತ್ತಾನೆ.

ಅವನನ್ನು ಮನೋವೈದ್ಯರ ಹತ್ತಿರ ಕಳಿಸೋಣ ಅಂದರೆ ಮನೆಯವರು ಬೇಡ ಅನ್ನುತ್ತಾರೆ. ಹುಚ್ಚು ಅನ್ನಿಸಿಕೊಳ್ಳುವ ಭಯ. ಇದು ಯಾವ ಒಂದು ಸಮುದಾಯದ ಭಯವೂ ಅಲ್ಲ. ಇಂಥ ಕಡೆ ಪ್ರಶ್ನೆ ಕೇಳುವ ರೀತಿಯೇ ಬಹಳ ಮುಖ್ಯವಾಗುತ್ತದೆ. ಸಿಯಾಟಲ್‌ನಲ್ಲೇ ಬೇರೆ ಬೇರೆ ಸಮುದಾಯದವರನ್ನು ಜೊತೆಗೆ ಕೂರಿಸಿಕೊಂಡು ತಯಾರಿಸಿದ ಆರ್‌ಎಚ್‌ಎಸ್-15 ಎನ್ನುವ ಪ್ರಶ್ನಾವಳಿ ಇದೆ. ಅದರ ಮೊದಲ ಪ್ರಶ್ನೆ ಮನಸ್ಸಿನದ್ದಲ್ಲ, ಮೂಳೆ, ಮಾಂಸಖಂಡ, ಕೀಲು ನೋವಿನದ್ದು. ಆಮೇಲೆ ಬೇಸರ. ಅದರ ಹಿಂದೆಯೇ, ಯೋಚನೆ ಜಾಸ್ತಿಯಾಗುತ್ತದಾ ಅಂತ. ಉತ್ತರಕ್ಕೆ ಜಾಡಿಯ ಚಿತ್ರಗಳಿವೆ, ಖಾಲಿಯಿಂದ ತುಂಬಿದ್ದರವರೆಗೆ. ಅಕ್ಷರ ಬಾರದವರೂ ಬೆರಳು ಇಟ್ಟು ತೋರಿಸಬಹುದು. ಮೈಕೈ ನೋವಿನಿಂದ ಮಾತು ಶುರುವಾದರೆ ಯಾರಿಗೂ ಮುಜುಗರವಿಲ್ಲ. ಈ ಕ್ರಮವನ್ನು ಯೋಚಿಸಿ ಇಟ್ಟವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಪ್ರಶ್ನೆ ಕೇಳಿದ ಮೇಲೆ ಮಾಡುವುದೇನು? ಎಲ್ಲರಿಗೂ ಮನೋವೈದ್ಯರು ಸಿಗುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್ ಎನ್ನುವ ಕೈಪಿಡಿ ತಂದಿತು. ಐದು ಭೇಟಿಗಳ ಸಹಾಯ ಅದು. ಕೊಡುವವರು ತರಬೇತಿ ಪಡೆದ ಸಾಮಾನ್ಯ ಜನ. ಉಸಿರಾಟದ ಅಭ್ಯಾಸ, ಒಂದೊಂದೇ ಸಮಸ್ಯೆಯನ್ನು ಬಿಡಿಸಿಕೊಳ್ಳುವುದು, ನಿಲ್ಲಿಸಿಬಿಟ್ಟ ಕೆಲಸಗಳನ್ನು ಮತ್ತೆ ಹಿಡಿಯುವುದು, ಜನರ ಜೊತೆ ಸೇರುವುದು. ಸಿರಿಯಾದಿಂದ ಬಂದ ನಿರಾಶ್ರಿತರಲ್ಲೂ ಇದನ್ನು ಬಳಸಿದ್ದಾರೆ. ಅಮೆರಿಕದ ಭೂತಾನಿ ಸಮುದಾಯದ ಮುಖಂಡರೂ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದರು. ಯಾರ ಮನೆಯಲ್ಲಿ ಯಾರು ಮಂಕಾಗಿದ್ದಾರೆ ಅನ್ನುವುದು ಕ್ಲಿನಿಕ್‌ಗಿಂತ ಮೊದಲು ಗೊತ್ತಾಗುವುದು ಅವರಿಗೇ.

ಸಂಸ್ಕೃತಿಗೆ ಹೊಂದುವ ಆರೈಕೆ ಅಂದಾಗ ನನಗೆ ಕೂಡಲೇ ನೆನಪಾಗುವ ಊರು ಕ್ಯಾಲಿಫೋರ್ನಿಯಾದ ಮರ್ಸೆಡ್. ವಿಯೆಟ್ನಾಂ ಯುದ್ಧದ ನಂತರ ಲಾವೋಸ್‌ನಿಂದ ತಪ್ಪಿಸಿಕೊಂಡ ಹ್ಮಾಂಗ್ ಜನ ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಯಾದರು. ಭಯ, ಆಘಾತ, ಬಿದ್ದ ಪೆಟ್ಟಿನಿಂದ ಆತ್ಮ ಮೈ ಬಿಟ್ಟು ಹೋಗುತ್ತದೆ, ಅದನ್ನು ಕರೆದು ತರಬೇಕು ಎಂಬುದು ಅವರ ನಂಬಿಕೆ. ಕರೆಯುವವರು ಅವರ ಶಾಮನ್‌ಗಳು. ಬಹಳ ವರ್ಷ ಆಸ್ಪತ್ರೆ ಮತ್ತು ಈ ಜನ ಒಬ್ಬರನ್ನೊಬ್ಬರು ಅನುಮಾನದಿಂದಲೇ ನೋಡಿದರು. ಆಪರೇಷನ್ ಅಂದರೆ ಮನೆಯವರು ರೋಗಿಯನ್ನು ಎಬ್ಬಿಸಿಕೊಂಡು ಹೊರಟುಬಿಡುತ್ತಿದ್ದರು. ಬಂದವರೂ ಕಾಯಿಲೆ ಕೈಮೀರಿದ ಮೇಲೆ ಬರುತ್ತಿದ್ದರು.

2009ರ ಹೊತ್ತಿಗೆ ಅಲ್ಲಿನ ಮರ್ಸಿ ಆಸ್ಪತ್ರೆ ಒಂದು ನಿಯಮ ಮಾಡಿತು. ಪಾದ್ರಿಗಳಿಗೆ ಇರುವಂತೆ ಶಾಮನ್‌ಗಳಿಗೂ ಆಸ್ಪತ್ರೆಯ ಬ್ಯಾಡ್ಜ್. ಆತ್ಮ ಕರೆಯುವುದೂ ಸೇರಿ ಒಂಬತ್ತು ವಿಧಿಗಳನ್ನು ರೋಗಿಯ ಹಾಸಿಗೆ ಪಕ್ಕವೇ ಮಾಡಬಹುದು. ಮಂತ್ರ ಮೆಲ್ಲನೆ ಹೇಳಬೇಕು, ಅಷ್ಟೇ. ಇದರ ಜೊತೆಗೆ ಶಾಮನ್‌ಗಳಿಗೆ ಕೆಲವು ವಾರದ ತರಬೇತಿ ಇತ್ತು. ಆಪರೇಷನ್ ಥಿಯೇಟರ್ ಒಳಗೆ ಕರೆದುಕೊಂಡು ಹೋದರು, ಸೂಕ್ಷ್ಮದರ್ಶಕದಲ್ಲಿ ಜೀವಕೋಶ ತೋರಿಸಿದರು. ಕ್ರಮೇಣ ಶಾಮನ್‌ಗಳೇ ರೋಗಿಗಳನ್ನು ಡಾಕ್ಟರ ಹತ್ತಿರ ಕಳಿಸತೊಡಗಿದರು.

ಡಾಕ್ಟರು ಆತ್ಮವನ್ನು ನಂಬಬೇಕಾಗಿ ಬರಲಿಲ್ಲ. ಶಾಮನ್ ಆ್ಯಂಟಿಬಯೋಟಿಕ್ ಬೇಡ ಎನ್ನಲಿಲ್ಲ. ಇಬ್ಬರೂ ಒಂದೇ ಹಾಸಿಗೆಯ ಎರಡು ಬದಿಯಲ್ಲಿ ನಿಲ್ಲಲು ಒಪ್ಪಿದರು. ಇದಕ್ಕೆ ದೊಡ್ಡ ಯಂತ್ರ ಬೇಕಾಗಲಿಲ್ಲ, ಆದರೆ ಒಬ್ಬ ಆಡಳಿತಾಧಿಕಾರಿ ಸಹಿ ಹಾಕಬೇಕಿತ್ತು. ಬಹಳ ಕಡೆ ತಡವಾಗುವುದು ಆ ಸಹಿಯೇ.

ಇದಕ್ಕೆ ಹೋಲಿಸಿದರೆ ಆಸ್ಪತ್ರೆಗಳು ಸಿಬ್ಬಂದಿಗೆ ಕೊಡುವ ಎರಡು ಗಂಟೆಯ ಸಂಸ್ಕೃತಿ ತರಬೇತಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಸೊಮಾಲಿಗಳು ಹೀಗೆ, ಕರೆನ್ ಜನ ಹಾಗೆ, ಇರಾಕಿಗಳು ಇನ್ನೊಂದು ಥರ ಅಂತ ಪಟ್ಟಿ ಕೊಡುತ್ತಾರೆ. ಬಾಗ್ದಾದಿನಲ್ಲಿ ಇಂಜಿನಿಯರ್ ಆಗಿದ್ದವನಿಗೂ ಹಳ್ಳಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಅದೇ ಪಟ್ಟಿ. ಅದನ್ನು ಓದಿ ಹೋದ ಡಾಕ್ಟರಿಗೆ ಎದುರಿಗಿರುವ ಮನುಷ್ಯನನ್ನು ಕೇಳಬೇಕು ಅಂತ ಅನ್ನಿಸುವುದೇ ಇಲ್ಲ. ರಂಜಾನ್ ಬರುತ್ತಿದೆ, ಉಪವಾಸ ಮಾಡುತ್ತೀರಾ, ಹಾಗಾದರೆ ಶುಗರ್ ಮಾತ್ರೆಯ ಹೊತ್ತು ಬದಲಿಸೋಣ ಅಂತ ಒಂದು ಮಾತು ಕೇಳಿದರೆ ಸಾಕು. ಕೇಳದಿದ್ದರೆ ಆತ ಸುಮ್ನೆ ಮಾತ್ರೆ ಬಿಡುತ್ತಾನೆ, ಅಥವಾ ಹಸಿದ ಹೊಟ್ಟೆಯಲ್ಲಿ ನುಂಗಿ ತಲೆ ಸುತ್ತಿ ಬೀಳುತ್ತಾನೆ.

ನಂಬಿಕೆ ಹಾಳಾದರೆ ಏನಾಗುತ್ತದೆ ಅನ್ನುವುದಕ್ಕೆ ಮಿನ್ನೆಸೋಟಾದ ದಡಾರ ಸಾಕ್ಷಿ. 2008ರ ಸುಮಾರಿಗೆ ಮಿನಿಯಾಪೊಲಿಸ್‌ನ ಸೊಮಾಲಿ ತಾಯಂದಿರು ನಮ್ಮ ಮಕ್ಕಳಲ್ಲಿ ಆಟಿಸಂ ಜಾಸ್ತಿ ಕಾಣುತ್ತಿದೆ, ಯಾಕೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಸಮಾಧಾನವಾಗುವ ಉತ್ತರ ಬೇಗ ಸಿಗಲಿಲ್ಲ. ಆ ಜಾಗಕ್ಕೆ ಲಸಿಕೆ ವಿರೋಧಿಗಳು ಬಂದರು. ದಡಾರ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲೇಖನ ಬರೆದಿದ್ದ ಆಂಡ್ರ್ಯೂ ವೇಕ್‌ಫೀಲ್ಡ್ ಕೂಡ ಅಲ್ಲಿಗೆ ಬಂದು ಈ ಪೋಷಕರನ್ನು ಭೇಟಿಯಾದ. ಆ ಲೇಖನವನ್ನು ಲ್ಯಾನ್ಸೆಟ್ ಎನ್ನುವ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. 2004ರಲ್ಲಿ ಶೇ. 92ರಷ್ಟು ಸೊಮಾಲಿ ಮಕ್ಕಳು ಎಂಎಂಆರ್ ಲಸಿಕೆ ಪಡೆದಿದ್ದರು. 2014ಕ್ಕೆ ಅದು ಶೇ. 42ಕ್ಕೆ ಇಳಿಯಿತು. 2017ರಲ್ಲಿ ರಾಜ್ಯದಲ್ಲಿ 75 ಜನಕ್ಕೆ ದಡಾರ ಬಂತು, ಹೆಚ್ಚಿನವರು ಲಸಿಕೆ ಹಾಕಿಸದ ಸೊಮಾಲಿ ಮಕ್ಕಳು. ಆ ತಾಯಂದಿರನ್ನು ಅಜ್ಞಾನಿಗಳು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಮೊದಲು ಬಂದದ್ದು ಆರೋಗ್ಯ ಇಲಾಖೆಯ ಬಾಗಿಲಿಗೇ. ಕೊನೆಗೆ ಪರಿಸ್ಥಿತಿ ಸುಧಾರಿಸಲು ಇಮಾಮರು, ಸೊಮಾಲಿ ನರ್ಸ್‌ಗಳು, ಸೊಮಾಲಿ ಡಾಕ್ಟರುಗಳೇ ಮನೆಮನೆಯ ಮಾತಿಗೆ ಇಳಿಯಬೇಕಾಯಿತು.

ಕಾಯಿಲೆಯನ್ನು ನಿರಾಶ್ರಿತರೇ ಹೊತ್ತು ತರುತ್ತಾರೆ ಅನ್ನುವವರಿಗೆ ಇನ್ನೊಂದು ಘಟನೆ ಹೇಳಬೇಕು. 2000ದಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸುಡಾನ್ ಮೂಲದ ಎರಡು ವರ್ಷದ ನಿರಾಶ್ರಿತ ಮಗು ಸೀಸದ ವಿಷದಿಂದ ಸತ್ತಿತು. ಬಂದು ವಾರಗಳಷ್ಟೇ ಆಗಿತ್ತು. ಅವರಿಗೆ ಸಿಕ್ಕ ಹಳೆಯ ಮನೆಯ ಗೋಡೆ, ಕಿಟಕಿಗಳ ಬಣ್ಣದಲ್ಲಿ ಸೀಸವಿತ್ತು. ಮುಂದೆ 2004ರಲ್ಲಿ ಅದೇ ರಾಜ್ಯದಲ್ಲಿ ನೋಡಿದಾಗ, ಬಂದಾಗ ಚೆನ್ನಾಗಿದ್ದ ಮಕ್ಕಳ ರಕ್ತದಲ್ಲೂ ಕೆಲವು ತಿಂಗಳ ಮೇಲೆ ಸೀಸ ಏರಿತ್ತು. ಅದಕ್ಕೇ ಈಗ ಚಿಕ್ಕ ಮಕ್ಕಳಿಗೆ ಮೂರರಿಂದ ಆರು ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿ ಅನ್ನುತ್ತಾರೆ. ಮನೆಯೊಳಗೆ ಹೋಗಿ ನೋಡುವ ಕಾರ್ಯಕರ್ತೆ ಇದ್ದರೆ ಸುಲಿದು ಬೀಳುವ ಬಣ್ಣ ರಕ್ತಪರೀಕ್ಷೆಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಇನ್ನು ಹಣದ ಮಾತು. ಇಂಥ ಕಾರ್ಯಕರ್ತೆಯರ ಕೆಲಸ ಹೆಚ್ಚಾಗಿ ಒಂದೆರಡು ವರ್ಷದ ಅನುದಾನದ ಮೇಲೆ ನಿಂತಿರುತ್ತದೆ. ಹಗಲು ಸಂಬಳಕ್ಕೆ ದುಡಿದು, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಎತ್ತುತ್ತಾರೆ, ಯಾಕೆಂದರೆ ಫೋನ್ ಮಾಡಿದವರು ನೆಂಟರು ಅಥವಾ ನೆರೆಯವರು. ಬೇರೆಯವರ ಕಥೆ ಕೇಳುತ್ತಾ ತಮ್ಮದೇ ಗಾಯ ಕೆದರಿಕೊಳ್ಳುತ್ತಾರೆ. ಅನುದಾನ ಮುಗಿದ ದಿನ ಅವರನ್ನು ಮನೆಗೆ ಕಳಿಸಿದರೆ, ಐದು ವರ್ಷದಲ್ಲಿ ಕಟ್ಟಿದ ನಂಬಿಕೆಯೂ ಅವರ ಜೊತೆ ಬಾಗಿಲು ದಾಟಿ ಹೋಗುತ್ತದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ನಿರಾಶ್ರಿತರ ಕಾರ್ಯಕ್ರಮವನ್ನೇ ತಡೆಹಿಡಿದಾಗ ಪುನರ್ವಸತಿ ಸಂಸ್ಥೆಗಳು ದೊಡ್ಡ ಸಂಖ್ಯೆಯಲ್ಲಿ ಸಿಬ್ಬಂದಿಯನ್ನು ತೆಗೆಯಬೇಕಾಯಿತು. ಹೊಸಬರು ಬರುವುದು ನಿಂತಿರಬಹುದು, ಆದರೆ ಮೊದಲೇ ಬಂದವರ ಬಿಪಿ, ಶುಗರ್, ಬಾಣಂತನ ನಿಲ್ಲುವುದಿಲ್ಲವಲ್ಲ.

ಕೆನಡಾದಲ್ಲಿ 2012ರಲ್ಲಿ ಸರ್ಕಾರ ನಿರಾಶ್ರಿತರ ಆರೋಗ್ಯ ವಿಮೆಗೆ ಕತ್ತರಿ ಹಾಕಿದಾಗ ಡಾಕ್ಟರುಗಳೇ ಬೀದಿಗೆ ಇಳಿದರು, ಕೋರ್ಟಿಗೂ ಹೋದರು. 2014ರಲ್ಲಿ ಫೆಡರಲ್ ಕೋರ್ಟ್ ಆ ಕಡಿತ ಕ್ರೂರವಾದದ್ದು, ಸಂವಿಧಾನಕ್ಕೆ ವಿರುದ್ಧ ಎಂದಿತು. 2016ರಲ್ಲಿ ಪೂರ್ತಿ ಸೌಲಭ್ಯ ವಾಪಸ್ ಬಂತು. ಬಿಳಿ ಕೋಟು ಹಾಕಿದವರು ತಮ್ಮ ರೋಗಿಗಳ ಪರವಾಗಿ ಹೀಗೆ ನಿಂತದ್ದನ್ನು ಓದಿದಾಗ ನನಗೆ ತುಂಬಾ ಧೈರ್ಯ ಬಂದಿತ್ತು.

ಈಗ ನನ್ನ ತಲೆಯಲ್ಲಿ ಇರುವುದು ವಯಸ್ಸಾದವರ ಚಿಂತೆ. ಐವತ್ತೈದಕ್ಕೆ ಬಂದವರು ಈಗ ಎಪ್ಪತ್ತು ದಾಟುತ್ತಿದ್ದಾರೆ. ಮರೆವಿನ ಕಾಯಿಲೆ ಬಂದವರು ಕಷ್ಟಪಟ್ಟು ಕಲಿತ ನಾಲ್ಕು ಇಂಗ್ಲಿಷ್ ಪದವನ್ನೂ ಮರೆಯುತ್ತಾರೆ. ಒಹಾಯೊ, ಪೆನ್ಸಿಲ್ವೇನಿಯಾದ ಕೆಲವು ಊರುಗಳಲ್ಲಿ ಭೂತಾನಿ ಸಮುದಾಯದವರೇ ಹಿರಿಯರಿಗೆ ಹಗಲು ಕೇಂದ್ರಗಳನ್ನು ನಡೆಸುತ್ತಿದ್ದಾರೆ. ಬೆಳಿಗ್ಗೆ ವ್ಯಾನ್ ಬಂದು ಮನೆಯಿಂದ ಕರೆದೊಯ್ಯುತ್ತದೆ. ತಮ್ಮ ಭಾಷೆಯಲ್ಲಿ ಮಾತು, ತಮ್ಮ ಅಡುಗೆ, ಭಜನೆ. ಯಾವ ಆಸ್ಪತ್ರೆಯೂ ಯೋಜನೆ ಹಾಕಿ ಕೊಟ್ಟದ್ದಲ್ಲ ಇದು. ಇನ್ನು ಆಸ್ಪತ್ರೆಗಳು ತಮ್ಮ ನರ್ಸ್‌ಗಳನ್ನು ವಾರಕ್ಕೊಂದು ದಿನ ಅಲ್ಲಿಗೆ ಕಳಿಸಲಿ. ಬಿಪಿ ನೋಡುವುದು, ಮಾತ್ರೆ ಡಬ್ಬಿ ತೆಗೆದು ಎಣಿಸುವುದು, ಸಕ್ಕರೆ ಪರೀಕ್ಷೆ ಎಲ್ಲ ಅಲ್ಲೇ ಆಗಲಿ. ಯಾವ ದಿನ ಬರಬೇಕು ಅನ್ನುವುದನ್ನು ಕೇಂದ್ರ ನಡೆಸುವವರೇ ಹೇಳಲಿ.